ಇಷ್ಟು ದೂರ ಬಂದು ನಮ್ಮ ಹಿತ್ತಲನ್ನೇ ನೋಡಬೇಕಿತ್ತಾ?

ವಿಮಾನ ಇಳಿದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಜಪಾನಿನ ಇಶಿಗಾಕಿ ದ್ವೀಪದ ಪೇಟೆಗೆ ಹೋಗುವ ಬಸ್ಸಿನಲ್ಲಿ ಆಯಿ, ನನ್ನ ಅಮ್ಮ, ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಕಬ್ಬಿನ ಗದ್ದೆ ಬಂತು. ಗದ್ದೆಯ ಅಂಚಿಗೆ ಬಾಳೆ ಬಂತು. ಯಾರದೋ ಮನೆ ಹಿಂದೆ ಕಾಯಿ ಜೋತುಬಿದ್ದ ಪಪ್ಪಾಯಿ ಗಿಡ ಬಂತು. ಆಮೇಲೆ ಎಲೆಯೆಲ್ಲ ಉದುರಿಸಿ ಬರೀ ಕೆಂಪು ಹೂವು ಹೊತ್ತು ನಿಂತ ಮರವೊಂದು ಬಂತು. ಆಯಿ ನನ್ನ ಕಡೆ ತಿರುಗಿದಳು. "ಇದು ಹಾಲವಾಣ ಅಲ್ಲವೇನೇ? ಇಷ್ಟು ದೂರ ಬಂದು ನಮ್ಮ ಹಿತ್ತಲನ್ನೇ ನೋಡಬೇಕಿತ್ತಾ ಕೂಸೆ?"

ಬೇಜಾರಿನಿಂದ ಹೇಳಿದ್ದಲ್ಲ ಅದು. ಕಂಡದ್ದನ್ನು ಕಂಡ ಹಾಗೆ ಹೇಳಿದಳು ಅಷ್ಟೇ. ಆದರೆ ನನಗೆ ಎಲ್ಲೋ ಚುಚ್ಚಿತು. ಆಯಿ ಜಪಾನಿಗೆ ಬಂದದ್ದು ಇದೇ ಮೊದಲು. ಫೆಬ್ರವರಿಯಲ್ಲಿ ಬಂದವಳು ಯೊಕೊಹಾಮಾದ ಚಳಿಗೆ ಮಂಡಿ ಹಿಡಿದುಕೊಂಡು ಮನೆಯೊಳಗೇ ಕೂತುಬಿಟ್ಟಿದ್ದಳು. ಮಾರ್ಚ್ ಕೊನೆಯಲ್ಲಿ ಮಗಳ ಶಾಲೆಗೆ ರಜೆ ಸಿಕ್ಕಾಗ, ಬೆಚ್ಚಗಿರುವ ಕಡೆ ಕರೆದುಕೊಂಡು ಹೋಗೋಣ, ಅವಳು ಎಂದೂ ನೋಡದ್ದನ್ನು ತೋರಿಸೋಣ ಅಂತ ನಾನೂ ನನ್ನ ಗಂಡನೂ ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದೆವು. ಹನೇದಾದಿಂದ ಮೂರೂವರೆ ಗಂಟೆ ವಿಮಾನ. ಟೋಕಿಯೊದಿಂದ ಸುಮಾರು 2000 ಕಿಲೋಮೀಟರ್. ಓಕಿನಾವಾ ಪ್ರಾಂತ್ಯದ ರಾಜಧಾನಿ ನಾಹಾಗಿಂತ ತೈವಾನೇ ಹತ್ತಿರ. ಜಪಾನಿನ ನಕ್ಷೆ ಬರೆಯುವವರು ಇಶಿಗಾಕಿ ಸೇರಿದ ಈ ಯಾಯೆಯಾಮಾ ದ್ವೀಪಗಳನ್ನು ಜಾಗ ಸಾಲದೆ ಮೂಲೆಯಲ್ಲೊಂದು ಚೌಕ ಹಾಕಿ ತೋರಿಸುವುದುಂಟು. ಅಷ್ಟು ದೂರ. ಅಲ್ಲಿ ಹೋದರೂ ಅವಳಿಗೆ ಕಂಡದ್ದು ಕುಮಟೆಯ ಹಿತ್ತಲು.

ಆ ಮಾತನ್ನು ಐದು ದಿನವೂ ತಲೆಯಲ್ಲಿ ಇಟ್ಟುಕೊಂಡು ಓಡಾಡಿದೆ. ವಾಪಸ್ ಬಂದ ಮೇಲೂ ಅದು ಬಿಟ್ಟಿಲ್ಲ. ಹೊಸ ಊರಿಗೆ ಹೋಗಿ ಹಳೆಯದನ್ನೇ ಕಂಡರೆ ಅದು ನೋಡಿದ ಹಾಗಾ, ನೋಡದ ಹಾಗಾ?

ಎಲೆ ಹಿಸುಕಿ ಮೂಸುವುದು

ಆಯಿ ಊರು ನೋಡುವ ರೀತಿಯೇ ಬೇರೆ. ನಾವು ಫೋನ್ ಎತ್ತಿ ಸಮುದ್ರದ ಬಣ್ಣ ಹಿಡಿಯುತ್ತಿದ್ದರೆ ಅವಳು ಬೇಲಿಯ ಹತ್ತಿರ ನಿಂತು ಒಂದು ಎಲೆ ಕಿತ್ತು, ಹಿಸುಕಿ, ಮೂಸಿ ನೋಡುತ್ತಿದ್ದಳು. ಕಬಿರಾ ಕೊಲ್ಲಿಗೆ ಹೋದೆವು. ನೀರು ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ. ಸೆಳೆತ ಜಾಸ್ತಿ ಅಂತ ಅಲ್ಲಿ ಈಜಲು ಬಿಡುವುದಿಲ್ಲ. ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಬೇಕು. ಮಗಳು ದೋಣಿಯ ಗಾಜಿನ ಮೇಲೆ ಬಗ್ಗಿದವಳು ಏಳಲೇ ಇಲ್ಲ. ಆಯಿಯೂ ನೋಡಿದಳು, ಚೆಂದ ಇದೆ ಅಂದಳು. ಆದರೆ ಅವಳ ಮುಖ ಅರಳಿದ್ದು ದಡದಲ್ಲಿ ಮುಂಡಿಗೆ ಪೊದೆ ಕಂಡಾಗ.

ಪಕ್ಕದ ತಾಕೆತೊಮಿ ದ್ವೀಪದಲ್ಲಿ ಮನೆಗಳ ಸುತ್ತ ಗಾಳಿ ತಡೆಯಲು ಫುಕುಗಿ ಅನ್ನುವ ಮರ ನೆಟ್ಟಿದ್ದಾರೆ. ದಪ್ಪ ಎಲೆ, ಒತ್ತೊತ್ತಾಗಿ ಗೋಡೆಯ ಹಾಗೆ ನಿಲ್ಲುತ್ತದೆ. ಅದರ ತೊಗಟೆಯಿಂದ ಬಟ್ಟೆಗೆ ಹಳದಿ ಬಣ್ಣ ತೆಗೆಯುತ್ತಾರೆ. ಆಯಿ ಒಂದು ಎಲೆಯನ್ನು ಮಡಚಿ ಮುರಿದಳು. "ಇದು ಮುರುಗಲಿನ ಜಾತಿ" ಅಂದಳು. ನಾನು ನಂಬಲಿಲ್ಲ. ರಾತ್ರಿ ಹುಡುಕಿ ನೋಡಿದರೆ ಹೌದು, ಗಾರ್ಸೀನಿಯಾ. ನಮ್ಮ ಮುರುಗಲು, ಉಪ್ಪಾಗೆ ಎಲ್ಲ ಅದೇ ಕುಲ. ಬಸ್ಸಿನಿಂದ ಕಂಡ ಕೆಂಪು ಹೂವಿನ ಮರವೂ ಹಾಲವಾಣವೇ. ಅಲ್ಲಿ ಅದಕ್ಕೆ ದೇಇಗೊ ಅನ್ನುತ್ತಾರೆ, ಇಡೀ ಓಕಿನಾವಾ ಪ್ರಾಂತ್ಯದ ಹೂವು ಅದು. ನಮ್ಮ ಕಡೆ ಕಾಳುಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಮರ.

ನಾವು ಉಳಿದುಕೊಂಡದ್ದು ತಾಕೆತೊಮಿಯಲ್ಲೇ, ಒಂದು ಚಿಕ್ಕ ಮನೆಯಂಥ ವಸತಿಯಲ್ಲಿ. ನಡೆಸುವವರು ಎಪ್ಪತ್ತೈದು ದಾಟಿದ ಹೆಂಗಸು. ಆಯಿ ಮೀನು, ಮಾಂಸ, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅಲ್ಲಿಯ ಅಡುಗೆಗೆ ಹಂದಿ ಮಾಂಸ, ಮೀನಿನ ಸಾರು ಎರಡೂ ಬೇಕೇ ಬೇಕು. ಇದು ಅವರಿಗೆ ಸಣ್ಣ ತೊಂದರೆಯಲ್ಲ. ಆದರೂ ಅವರು ಹಾಗಲಕಾಯಿಯನ್ನು ಗಟ್ಟಿ ತೋಫು ಜೊತೆ ಬರೀ ಎಣ್ಣೆ ಉಪ್ಪಿನಲ್ಲಿ ಹುರಿದುಕೊಟ್ಟರು. ಶೇಂಗಾದ ತೋಫು ಕೊಟ್ಟರು. ಒಂದು ಮಧ್ಯಾಹ್ನ ಉದ್ದನೆಯ ಹಸಿರು ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ಏನನ್ನೋ ತಂದಿಟ್ಟರು. ಆಯಿ ಎಲೆ ಬಿಡಿಸುವ ಮೊದಲೇ ಕಣ್ಣು ಮುಚ್ಚಿ ವಾಸನೆ ಎಳೆದಳು. ಅಂಟಕ್ಕಿ ಹಿಟ್ಟು, ಒಳಗೆ ಕಪ್ಪು ಬೆಲ್ಲ. ಎಲೆ ಗೆತ್ತೊ ಅನ್ನುವ ಗಿಡದ್ದು, ಶುಂಠಿ ಅರಿಶಿನದ ಸಂಬಂಧಿ. "ಅರಿಶಿನ ಎಲೆ ಕಡುಬು" ಅಂದಳು ಆಯಿ, ಯಾರಿಗೂ ಅಂತಲ್ಲ. ಮತ್ತೆ ಎರಡು ತಿಂದಳು.

ಮರಳ ದಾರಿ

ತಾಕೆತೊಮಿ ತೀರಾ ಪುಟ್ಟ ದ್ವೀಪ. ಸುತ್ತಳತೆ 9 ಕಿಲೋಮೀಟರ್ ಆಸುಪಾಸು. ಇಶಿಗಾಕಿಯಿಂದ ದೋಣಿಯಲ್ಲಿ ಹದಿನೈದು ನಿಮಿಷವೂ ಬೇಡ. ಹಗಲು ಪ್ರವಾಸಿಗರು ತುಂಬಿರುತ್ತಾರೆ. ಸಂಜೆಯ ಕೊನೆಯ ದೋಣಿ ಹೋದ ಮೇಲೆ ಊರು ಊರಿನವರದ್ದಾಗುತ್ತದೆ. ಕೆಂಪು ಹಂಚಿನ ತಗ್ಗು ಮನೆಗಳು, ಹಂಚಿನ ಸಂದಿಗೆ ಬಿಳಿ ಗಾರೆ, ಮೇಲೆ ಬಾಯ್ತೆರೆದು ಕೂತ ಮಣ್ಣಿನ ಸಿಂಹ. ಹವಳದ ಕಲ್ಲನ್ನು ಗಾರೆ ಇಲ್ಲದೆ ಹಾಗೇ ಒಂದರ ಮೇಲೊಂದು ಇಟ್ಟು ಕಟ್ಟಿದ ಪಾಗಾರ. ದಾರಿಗೆ ಡಾಂಬರಿಲ್ಲ, ಬಿಳಿ ಮರಳು. ಊರು ಹೀಗೆ ಉಳಿದದ್ದು ತನ್ನಷ್ಟಕ್ಕೆ ಅಲ್ಲ. 1986ರಲ್ಲಿ ಊರಿನವರೇ ಕೂತು ಒಂದು ಕಟ್ಟಳೆ ಮಾಡಿಕೊಂಡರು. ನೆಲ ಮಾರಬಾರದು, ಹೊಲಸು ಮಾಡಬಾರದು, ಊರಿನ ರೀತಿ ಕೆಡಿಸಬಾರದು, ಇದ್ದದ್ದನ್ನು ಒಡೆಯಬಾರದು, ಹಿರಿಯರಿಂದ ಬಂದದ್ದನ್ನು ಬಳಸಿ ಬದುಕಬೇಕು. ಹೊರಗಿನ ಹಣ ಬಂದು ದ್ವೀಪಗಳನ್ನು ಕೊಳ್ಳುತ್ತಿದ್ದದ್ದನ್ನು ಕಂಡವರು ಅವರು.

ಎರಡನೇ ದಿನ ಬೆಳಗ್ಗೆ ಐದೂವರೆಗೆ ಎಚ್ಚರಾದರೆ ಪಕ್ಕದಲ್ಲಿ ಆಯಿ ಇಲ್ಲ. ಗಾಬರಿಯಿಂದ ಹೊರಗೆ ಓಡಿದೆ. ಇನ್ನೂ ಬೆಳಕು ಹರಿದಿರಲಿಲ್ಲ. ಅಷ್ಟು ಪಶ್ಚಿಮದಲ್ಲಿ ಇದ್ದರೂ ಗಡಿಯಾರ ಟೋಕಿಯೊದ್ದೇ ಆದ್ದರಿಂದ ಅಲ್ಲಿ ಬೆಳಗು ತಡ. ಮಸುಕಿನಲ್ಲಿ ಪಾಗಾರದ ಬಾಯಲ್ಲಿ ಆಯಿ ನಿಂತಿದ್ದಳು, ಶಾಲು ಹೊದ್ದು. ಮನೆಯ ಯಜಮಾನಿ ದಾರಿ ಗುಡಿಸುತ್ತಿದ್ದರು. ಬಿದಿರು ಕಡ್ಡಿಯ ಪೊರಕೆ. ಎಲೆ ಬಿದ್ದ ಕಡೆ ಮಾತ್ರ ಅಲ್ಲ, ಪೂರ್ತಿ ದಾರಿ. ಪೊರಕೆಯ ಒಂದೊಂದು ಎಳೆತಕ್ಕೂ ಮರಳಿನ ಮೇಲೆ ಬಾಚಿದ ಕೂದಲಿನಂಥ ಗೆರೆ ಮೂಡುತ್ತಿತ್ತು. ಅವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಗುಡಿಸಿದ ಮೇಲೆ ತಮ್ಮದೇ ಹೆಜ್ಜೆ ಗುರುತು ಉಳಿಯಬಾರದು ಅಂತ. ಆಯಿ ಅದನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು ಪಿಸುಮಾತಿನಲ್ಲಿ, "ಅಂಗಳ ಸಾರಿಸುವಾಗ ನಾನೂ ಹೀಗೇ ಹಿಂದೆ ಸರಿಯುವುದು" ಅಂದಳು.

ಮೂರನೇ ದಿನ ಬೆಳಗ್ಗೆ ಅವಳ ಕೈಯಲ್ಲೂ ಪೊರಕೆ ಇತ್ತು. ಹೇಗೆ ಕೇಳಿದಳೋ, ಅವರು ಹೇಗೆ ಒಪ್ಪಿದರೋ ಗೊತ್ತಿಲ್ಲ. ಆಯಿಗೆ ಜಪಾನೀ ಭಾಷೆಯಲ್ಲಿ ಬರುವುದು ಎರಡೇ ಮಾತು, ಅವರಿಗೆ ಕನ್ನಡ ಸೊನ್ನೆ. ದಾರಿಯ ಆ ಬದಿ ಅವರು, ಈ ಬದಿ ಇವಳು. ಮಗಳು ಎದ್ದು ಬಂದವಳು ಮೆಟ್ಟಿಲ ಮೇಲೆ ಕೂತು ಯಜಮಾನಿಯನ್ನು ಕೇಳಿದಳು, ದಿನಾ ಯಾಕೆ ಗುಡಿಸಬೇಕು ಅಂತ. ದೇವರು ನಡೆಯುವ ದಾರಿ ಚೊಕ್ಕಟ ಇರಬೇಕು ಅಂದರು ಅವರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ದೀಪ ಇಲ್ಲದ ಕಾಲದಲ್ಲಿ ಬಿಳಿ ಮರಳಿನ ಮೇಲೆ ಬೆಳದಿಂಗಳು ಬಿದ್ದರೆ ಹಾವು ಕಾಣುತ್ತಿತ್ತು. ಹಾಬು ಅನ್ನುವ ವಿಷದ ಹಾವು ಅಲ್ಲಿದೆ. ಮಗಳು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಬೆಳದಿಂಗಳು ಅನ್ನುವ ಪದ ಅವಳಿಗೆ ಸಿಗಲಿಲ್ಲ. "ಚಂದ್ರನ ಲೈಟು" ಅಂದಳು. ಆಯಿ ಬೆಳದಿಂಗಳು ಅಂತ ತಿದ್ದಿದಳು. ಮಗಳು ಎರಡು ಸಲ ಹೇಳಿಕೊಂಡಳು.

ಅವತ್ತೇ ಇನ್ನೊಂದು ಆಯಿತು. ಯಜಮಾನಿಯ ಗೆಳತಿ ಬಂದರು. ಇಬ್ಬರೂ ಮಾತಿಗೆ ಕೂತರು. ಹುಟ್ಟಿದಾಗಿನಿಂದ ಜಪಾನೀ ಭಾಷೆಯಲ್ಲೇ ಬೆಳೆದ ನನ್ನ ಮಗಳಿಗೆ ಒಂದು ಪದವೂ ತಿಳಿಯಲಿಲ್ಲ. ಅದು ಜಪಾನೀ ಅಲ್ಲ, ದ್ವೀಪದ ಭಾಷೆ. ಓಕಿನಾವಾದ ಶಾಲೆಗಳಲ್ಲಿ ಒಂದು ಕಾಲಕ್ಕೆ ಊರಭಾಷೆ ಆಡಿದ ಮಗುವಿನ ಕುತ್ತಿಗೆಗೆ ಮರದ ಹಲಗೆ ನೇತುಹಾಕುತ್ತಿದ್ದರು. 2009ರಲ್ಲಿ ಯುನೆಸ್ಕೊ ಯಾಯೆಯಾಮಾ ಭಾಷೆಯನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಆ ಇಬ್ಬರ ಮಕ್ಕಳಿಗೆ ಅರ್ಥ ಆಗುತ್ತದೆ, ಆಡಲು ಬರುವುದಿಲ್ಲವಂತೆ. ಮೊಮ್ಮಕ್ಕಳಿಗೆ ಅರ್ಥವೂ ಆಗುವುದಿಲ್ಲವಂತೆ. ನನ್ನ ಮನೆಯ ಮಾತು ನೆನಪಾಯಿತು. ಆ ರಾತ್ರಿ ಮಗಳಿಗೆ ಕತೆ ಹೇಳುವ ಕೆಲಸ ಆಯಿಗೆ ಬಿಟ್ಟೆ. ಮೊದಲಿನಿಂದ ಕೊನೆವರೆಗೆ ಕನ್ನಡದಲ್ಲಿ.

ದಾರಿ ಮುಗಿಯುವಲ್ಲಿ

ಇರಿಯೊಮೊತೆ ಇನ್ನೊಂದು ಲೋಕ. ದ್ವೀಪದ ಹತ್ತರಲ್ಲಿ ಒಂಬತ್ತು ಪಾಲು ಕಾಡು. 1965ರಲ್ಲಿ ಸಿಕ್ಕ, 1967ರಲ್ಲಿ ಹೊಸ ಪ್ರಾಣಿ ಅಂತ ಹೆಸರು ಪಡೆದ ಕಾಡುಬೆಕ್ಕು ಅಲ್ಲಿದೆ. ಉಳಿದಿರುವುದು ಸುಮಾರು 100. ಬೆಕ್ಕು ದಾಟುತ್ತದೆ, ನಿಧಾನ ಹೋಗಿ ಅಂತ ದಾರಿಯುದ್ದಕ್ಕೂ ಹಲಗೆ, ರಸ್ತೆಯ ಅಡಿಯಲ್ಲಿ ಬೆಕ್ಕಿಗಾಗಿಯೇ ಸುರಂಗ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಮಗೆ ಬೆಕ್ಕು ಕಾಣಲಿಲ್ಲ, ಕಾಣುತ್ತದೆ ಅನ್ನುವ ಆಸೆಯೂ ಇರಲಿಲ್ಲ. ಯುಬು ಅನ್ನುವ ಮರಿದ್ವೀಪಕ್ಕೆ ಆಳವಿಲ್ಲದ ಸಮುದ್ರದಲ್ಲಿ ಸುಮಾರು 400 ಮೀಟರ್ ಎಮ್ಮೆ ಗಾಡಿಯಲ್ಲಿ ಹೋದೆವು. ಆ ಎಮ್ಮೆಗಳ ಹಿರಿಯರು 1930ರ ದಶಕದಲ್ಲಿ ತೈವಾನಿನಿಂದ ವಲಸೆ ಬಂದ ರೈತರ ಜೊತೆ ಬಂದವು. 1969ರ ಚಂಡಮಾರುತದಲ್ಲಿ ಯುಬು ಮುಳುಗಿ, ಜನ ಬಿಟ್ಟು ಹೋದರು. ಒಬ್ಬ ದಂಪತಿ ಮಾತ್ರ ಅಲ್ಲೇ ಉಳಿದು ತೆಂಗು, ಹೂವು ನೆಟ್ಟು ಮತ್ತೆ ಹಸಿರು ಮಾಡಿದರು. ನದಿಯ ಬಾಯಲ್ಲಿ ಬೇರು ಊರಿ ನಿಂತ ಕಾಂಡ್ಲಾ (ಮ್ಯಾಂಗ್ರೋವ್) ಕಂಡಾಗ ಆಯಿಗೆ ಅಘನಾಶಿನಿಯ ನೆನಪು. ಉಪ್ಪುನೀರಿನ ಗಜನಿ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತದ ಮಾತೆಲ್ಲ ಬಂತು.

ಅಲ್ಲಿಂದ ಕಾರಿನಲ್ಲಿ ದಕ್ಷಿಣಕ್ಕೆ ಹೋದೆವು. ರಸ್ತೆ ಮುಗಿಯುವ ಕಡೆ ಹಾಎಮಿದಾ ಅನ್ನುವ ಕಡಲತೀರ ಇದೆ. ಮರಳು ಚೆನ್ನಾಗಿದೆ, ಮಗಳು ಆಡಲಿ ಅಂತ ಹೋದದ್ದು. ಅಲ್ಲಿ ಒಂದು ಸ್ಮಾರಕ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಡಲ ಅಂಚಿನ ಬಂಡೆಯ ಮೇಲೆ ಒಬ್ಬ ಶಾಲೆಯ ಹೆಡ್ ಮಾಸ್ಟರು ಕೆತ್ತಿದ ಹತ್ತು ಅಕ್ಷರ. ಮಗಳಿಗೆ ಓದಲು ಬಂದದ್ದು ಕೊನೆಯ ಏಳು. "ಹತೆರುಮಾ, ಶಿಕಿನಾ." ಹತೆರುಮಾ ಎದುರಿನ ದ್ವೀಪದ ಹೆಸರು. ಶಿಕಿನಾ ಅವರ ಹೆಸರು. ಮೊದಲ ಮೂರು ಅಕ್ಷರವನ್ನು ನನ್ನ ಗಂಡ ಓದಿದ. ಮರೆಯಬೇಡ ಈ ಕಲ್ಲನ್ನು, ಅಂತ.

ಸ್ಮಾರಕದ ಪಕ್ಕದ ಫಲಕವನ್ನು ಅವನು ಓದುತ್ತ ಹೋದ, ನಾನು ಆಯಿಗೆ ಹೇಳುತ್ತ ಹೋದೆ. 1945ರ ವಸಂತ. ಯುದ್ಧದ ಕೊನೆ. ಹತೆರುಮಾದ ಜನರೆಲ್ಲ ಮನೆ ಬಿಟ್ಟು ಇರಿಯೊಮೊತೆಗೆ ಹೋಗಬೇಕು ಅಂತ ಸೇನೆಯ ಆಜ್ಞೆ ಬಂತು. ಹೇಳಿದವನು ಮಾಸ್ತರ ಅಂತ ಸುಳ್ಳು ಹೆಸರಿನಲ್ಲಿ ಮೊದಲೇ ಬಂದು ಊರಿನಲ್ಲಿದ್ದ ಸೇನೆಯ ಮನುಷ್ಯ. ಇರಿಯೊಮೊತೆಯಲ್ಲಿ ಮಲೇರಿಯಾ ಇದೆ ಅಂತ ಜನರಿಗೆ ತಲೆತಲಾಂತರದಿಂದ ಗೊತ್ತಿತ್ತು. ಹೋಗುವುದಿಲ್ಲ ಅಂದರು. ಅವನು ಕತ್ತಿ ತೋರಿಸಿದ. ದನಕರುಗಳನ್ನೆಲ್ಲ ಕೊಲ್ಲಿಸಿದರು. ಜನ ಈ ತೀರಕ್ಕೆ ಬಂದರು. ಮರದ ಕೆಳಗೆ ಶಾಲೆ ನಡೆಯಿತು. ಮಕ್ಕಳು ಒಂದೊಂದಾಗಿ ಜ್ವರಕ್ಕೆ ಬಿದ್ದರು. ಹೆಡ್ ಮಾಸ್ಟರು ಗುಟ್ಟಾಗಿ ಇಶಿಗಾಕಿಗೆ ಹೋಗಿ ಸೇನಾಧಿಕಾರಿಯ ಮುಂದೆ ನಿಂತು ಕೇಳಿಕೊಂಡ ಮೇಲೆ ವಾಪಸ್ ಹೋಗಲು ಒಪ್ಪಿಗೆ ಸಿಕ್ಕಿತು. ಹೊರಡುವ ಮೊದಲು ಅವರು ಈ ಅಕ್ಷರ ಕೆತ್ತಿದರು. ಊರಿಗೆ ಮರಳಿದ ಮೇಲೂ ಸಾವು ನಿಲ್ಲಲಿಲ್ಲ. ಜ್ವರ ಜೊತೆಗೇ ಹೋಗಿತ್ತು, ತಿನ್ನಲು ಬೆಳೆ ಇರಲಿಲ್ಲ. ಶಾಲೆಯ 66 ಮಕ್ಕಳು ಹೋದರು. ದ್ವೀಪದ ಮೂರರಲ್ಲಿ ಒಂದು ಪಾಲು ಜನ ಹೋದರು. ಇಡೀ ಯಾಯೆಯಾಮಾದಲ್ಲಿ ಆ ಯುದ್ಧದಲ್ಲಿ ಮಲೇರಿಯಾದಿಂದ ಸತ್ತವರು 3,600ಕ್ಕೂ ಹೆಚ್ಚು. ಅಮೆರಿಕದ ಸೇನೆ ಈ ದ್ವೀಪಗಳಿಗೆ ಇಳಿಯಲೇ ಇಲ್ಲ.

ನಾನು ಮಲೇರಿಯಾ ಅಂದಾಗ ಆಯಿಗೆ ಏನೂ ಅನಿಸಿದ ಹಾಗೆ ಕಾಣಲಿಲ್ಲ. ಮಗಳು, "ಅಜ್ಜಿ, ಜ್ವರ ಬಂದು ಮೈಯೆಲ್ಲ ಚಳಿ ಆಗ್ತದಂತೆ" ಅಂದಳು. ಆಗ ಆಯಿ ಕೇಳಿದಳು, "ಚಳಿಜ್ವರವಾ?"

ಚಳಿಜ್ವರ

ಆಯಿಯ ತವರು ಯಲ್ಲಾಪುರದ ಕಡೆ, ಘಟ್ಟದ ಮೇಲೆ. ಅಡಿಕೆ ತೋಟ, ಸುತ್ತ ಕಾಡು, ತೋಟದ ನಡುವೆ ಹಳ್ಳ. ಅವಳ ಇಬ್ಬರು ಅಣ್ಣಂದಿರು ಅವಳು ಹುಟ್ಟುವ ಮೊದಲೇ ಚಳಿಜ್ವರಕ್ಕೆ ಹೋದರು ಅಂತ ಅವತ್ತು ಆ ಕಡಲ ದಡದಲ್ಲಿ ಮೊದಲ ಸಲ ಕೇಳಿದೆ. ನನಗೆ ನಲವತ್ತೊಂದು ವರ್ಷ. ಅವಳು ಎಂದೂ ಹೇಳಿರಲಿಲ್ಲ, ನಾನು ಎಂದೂ ಕೇಳಿರಲಿಲ್ಲ. "ದಿನ ಬಿಟ್ಟು ದಿನ ಬರುತ್ತಿತ್ತಂತೆ. ಮಧ್ಯಾಹ್ನ ನಡುಕ ಹತ್ತಿದರೆ ಎಷ್ಟು ಕಂಬಳಿ ಹೊದೆಸಿದರೂ ಸಾಲದು. ಹೊಟ್ಟೆ ದೊಡ್ಡದು, ಕೈಕಾಲು ಕಡ್ಡಿ. ಅಮ್ಮ ಹೇಳುತ್ತಿದ್ದಳು" ಅಂದಳು. ಘಟ್ಟದ ಮೇಲಿನ ಹುಡುಗನಿಗೆ ಹೆಣ್ಣು ಕೊಡಲು ಕೆಳಗಿನವರು ಹಿಂದೆಮುಂದೆ ನೋಡುತ್ತಿದ್ದರಂತೆ. ಆಮೇಲೆ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆಯುವವರು ಬಂದರು. ಅದು ಅವಳಿಗೇ ನೆನಪಿದೆ. ಹೆಗಲಿಗೆ ಪಂಪು ಹಾಕಿಕೊಂಡ ಇಬ್ಬರು. ದೇವರ ಗೂಡೊಂದು ಬಿಟ್ಟು ಎಲ್ಲ ಗೋಡೆಗೂ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಗೋಡೆ ಒಣಗಿದರೆ ಬಿಳಿ ಪುಡಿ. ಆ ವಾಸನೆಗೆ ಎರಡು ದಿನ ಊಟ ಸೇರುತ್ತಿರಲಿಲ್ಲವಂತೆ.

ಮನೆಗೆ ಬಂದ ಮೇಲೆ ಓದಿದೆ. ಇಡೀ ದೇಶಕ್ಕೆ ಮಲೇರಿಯಾ ಕಾರ್ಯಕ್ರಮ ಬಂದದ್ದು 1953ರಲ್ಲಿ. ಅದಕ್ಕೂ ಮೊದಲೇ, 1946ರ ಸುಮಾರಿಗೆ, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಕಾರವಾರ ಜಿಲ್ಲೆ ಮತ್ತು ಧಾರವಾಡದಲ್ಲಿ ಡಾ. ವಿಶ್ವನಾಥನ್ ಅನ್ನುವವರ ಮೇಲ್ವಿಚಾರಣೆಯಲ್ಲಿ ಮನೆಮನೆಗೆ ಡಿಡಿಟಿ ಹೊಡೆದು ನೋಡಿದ್ದರು. ಇರಿಯೊಮೊತೆಗೆ ಅದೇ ಡಿಡಿಟಿ ಹತ್ತು ಹನ್ನೊಂದು ವರ್ಷ ತಡವಾಗಿ, 1957ರಲ್ಲಿ, ಅಮೆರಿಕದ ಆಡಳಿತದ ಕಾಲದಲ್ಲಿ ಮನೆಮನೆಗೆ ಹೋಯಿತು. 1962ರ ಹೊತ್ತಿಗೆ ಯಾಯೆಯಾಮಾದಲ್ಲಿ ರೋಗಿಗಳೇ ಇಲ್ಲವಾದರು. ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಎರಡೂ ಕಡೆ ಜ್ವರ ಹರಡಿದ ಸೊಳ್ಳೆಗಳು ಹತ್ತಿರದ ಸಂಬಂಧಿಗಳು. ಎರಡೂ ಕೊಳಚೆಯಲ್ಲಿ ಹುಟ್ಟುವವಲ್ಲ. ಕಾಡಿನಿಂದ ನಿಧಾನಕ್ಕೆ ಹರಿದು ಬರುವ ತಿಳಿನೀರ ಹಳ್ಳದ ಅಂಚಿನಲ್ಲಿ ಮೊಟ್ಟೆ ಇಡುವವು. ನಾವು ಇರಿಯೊಮೊತೆಯಲ್ಲಿ ನಿಂತು ನಿಂತು ಫೋಟೊ ತೆಗೆದ ಹಳ್ಳಗಳಂಥವು. ಆಯಿಯ ತವರಿನ ತೋಟದ ನಡುವಿನ ಹಳ್ಳದಂಥವು.

ಹಾಗಾಗಿ ಬಸ್ಸಿನಲ್ಲಿ ಅವಳು ಹೇಳಿದ ಮಾತು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ನಿಜ. ಆದರೂ ಅದು ಪೂರ್ತಿ ಅಲ್ಲ. ಎಲೆ, ಹೂವು, ಕಡುಬು ಕಂಡು ಇದು ನಮ್ಮದೇ ಅನ್ನುವುದು ಸುಲಭ. ನಮ್ಮ ಹಿತ್ತಲಿನಲ್ಲಿ ಯಾರೂ ಕತ್ತಿ ಹಿಡಿದು ಬಂದು ಹೆಂಗಸರು ಮಕ್ಕಳನ್ನು ಜ್ವರದ ಕಾಡಿಗೆ ಅಟ್ಟಲಿಲ್ಲ. ಅಲ್ಲಿ ಅಟ್ಟಿದರು. ನಮ್ಮ ಕಡೆ ಜ್ವರ ತಾನಾಗಿ ಬಂತು, ಅವರನ್ನು ಜ್ವರದ ಬಾಯಿಗೆ ಒಯ್ದು ಬಿಟ್ಟರು. ಈ ವ್ಯತ್ಯಾಸ ನನಗಿಂತ ಮೊದಲು ಕಂಡದ್ದು ಆಯಿಗೇ. ಕಲ್ಲಿನ ಮುಂದೆ ಸುಮ್ಮನೆ ನಿಂತಿದ್ದವಳು, "ಗೊತ್ತಿದ್ದೂ ಕಳಿಸಿದರಾ?" ಅಂದಳು. ಹೌದು ಅಂದೆ. ಮತ್ತೊಮ್ಮೆ ಕೇಳಿದಳು. ನಾನು ಮತ್ತೆ ಹೌದು ಅಂದೆ. ದೂರದಲ್ಲಿ ಹತೆರುಮಾ ಒಂದು ತೆಳ್ಳನೆ ಗೆರೆಯ ಹಾಗೆ ಕಾಣುತ್ತಿತ್ತು. ಮಗಳು ಚಪ್ಪಲಿ ಬಿಟ್ಟು ನೀರಿನ ಕಡೆ ಹೋಗುತ್ತಿದ್ದಳು. ಆಯಿ ಅವಳನ್ನು ಕೂಗಿ ಕರೆದು ಕೈ ಹಿಡಿದುಕೊಂಡಳು. ಕಾರು ಹತ್ತುವವರೆಗೂ ಬಿಡಲಿಲ್ಲ.

ಹೊರಡುವ ದಿನ ಆಯಿಗೆ ನೇರಳೆ ಗೆಣಸು ಒಯ್ಯಬೇಕಿತ್ತು. ಒಂದಾದರೂ ಹಿತ್ತಲಲ್ಲಿ ನೆಡುತ್ತೇನೆ ಅಂತ ಅವಳ ಆಸೆ. ಯಜಮಾನಿ ಬೇಡ ಅಂದರು. ಗೆಣಸಿನ ಹುಳು ಹೊರಗೆ ಹರಡಬಾರದು ಅಂತ ಓಕಿನಾವಾದಿಂದ ಜಪಾನಿನ ಬೇರೆ ಕಡೆಗೂ ಹಸಿ ಗೆಣಸು ಒಯ್ಯಲು ಬಿಡುವುದಿಲ್ಲ. ಹಿಂದಿನ ರಾತ್ರಿಯೇ ಬೇಯಿಸಿ ಗೆತ್ತೊ ಎಲೆಯಲ್ಲಿ ಸುತ್ತಿ ಕೊಟ್ಟರು. ವಿಮಾನದಲ್ಲಿ ನಾಲ್ಕೂ ಜನ ತಿಂದೆವು. ಎಲೆಯನ್ನು ಆಯಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಏಪ್ರಿಲಿನಲ್ಲಿ ಅವಳು ಊರಿಗೆ ಹೋದಳು. ಈಗ ಕುಮಟೆಯಲ್ಲಿ ಮಳೆ. ಮೊನ್ನೆ ಫೋನ್ ಮಾಡಿದಾಗ ಕೇರಿಗೆ ಡೆಂಗಿ ಅಂತ ಹೊಗೆ ಹೊಡೆಯುವವರು ಬಂದಿದ್ದರಂತೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು. ಮಳೆ ಜೋರಾಯಿತು ಅಂತ ಜಗಲಿಯಲ್ಲಿ ಕೂತರಂತೆ. ಆಯಿ ಅವರಿಗೆ ಚಹಾ ಕೊಟ್ಟು, ತನ್ನ ಅಣ್ಣಂದಿರ ಮಾತು ಹೇಳಿ, ಆಮೇಲೆ ಆ ಕಲ್ಲಿನ ಮಾತೂ ಹೇಳಿದಳಂತೆ. "ಹೆಡ್ ಮಾಸ್ಟರ ಹೆಸರು ನೆನಪಿತ್ತು, ಶಿಕಿನಾ. ಆ ಮಕ್ಕಳ ಊರಿನ ಹೆಸರೇ ಬಾಯಿಗೆ ಬರಲಿಲ್ಲ. ಏನೇ ಅದು?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಫೋನಿನ ಕಡೆ ಬಗ್ಗಿ ಹೇಳಿದಳು.

"ಹತೆರುಮಾ, ಅಜ್ಜಿ."